ಬೋಲ್ಟಿನ ಹಣೆಬರಹ

'ಹೆಣ್ಣುಮಕ್ಕಳ ಕೈಗೆ ಕಾರು ಕೊಟ್ಟರೆ ಇನ್ನೇನಾಗುತ್ತೆ?'

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಏರಿಯ ಮೇಲೆ ಈ ಮಾತು ನನ್ನ ಕಿವಿಗೆ ಬಿತ್ತು. ನಮ್ಮ ಕಾರು ಮುಂಗಾಲು ಮುರಿದ ಎತ್ತಿನ ಹಾಗೆ ಎಡಕ್ಕೆ ಕುಸಿದು ಕೂತಿತ್ತು. ಮುಂದಿನ ಚಕ್ರ ಮಡಚಿಕೊಂಡಿತ್ತು. ಸ್ಟೀರಿಂಗ್ ಹಿಡಿದಿದ್ದವಳು ನನ್ನ ಮಗಳು. ಅವಳ ಪಕ್ಕದಲ್ಲಿ ಎಂಬತ್ತು ದಾಟಿದ ನಮ್ಮ ಅತ್ತೆಯವರು. ಹಿಂದಿನ ಸೀಟಿನಲ್ಲಿ ಹಣ್ಣು ತಾಂಬೂಲದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನಾನು. ನಾದಿನಿಯ ಮೊಮ್ಮಗುವಿನ ನಾಮಕರಣಕ್ಕೆ ಹೊರಟಿದ್ದೆವು. ರಸ್ತೆಯ ಉಬ್ಬು ಕಂಡು ಮಗಳು ಎರಡನೇ ಗೇರಿಗೆ ಇಳಿಸಿದ್ದಳು. ಆ ನಿಧಾನವೇ ನಮ್ಮನ್ನು ಉಳಿಸಿತು. ಏರಿಯ ಅಂಚಿಗೂ ನಮಗೂ ನಡುವೆ ಎರಡು ಮಾರು ನೆಲವಿತ್ತು. ಅದರಾಚೆ ನೀರು.

ಹಿಂದಿನ ವ್ಯಾನಿನಲ್ಲಿ ಬರುತ್ತಿದ್ದ ನೆಂಟರು ಇಳಿದು ಬಂದು ನೋಡಿದರು. 'ಯಾರಿಗೂ ಏನೂ ಆಗಲಿಲ್ಲವಲ್ಲ, ಹಣೆಬರಹ ಗಟ್ಟಿ' ಎಂದರು. ಅದರ ಹಿಂದೆಯೇ ನಾನು ಮೊದಲು ಹೇಳಿದ ಆ ಮಾತು ಬಂತು. ನಮಗೆ ಒಳ್ಳೆಯದಾದರೆ ಹಣೆಬರಹ, ಕೆಟ್ಟದ್ದಾದರೆ ಹೆಣ್ಣುಮಕ್ಕಳು! ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಬಂದು ಚಕ್ರದ ಕೆಳಗೆ ಕುಕ್ಕುರುಗಾಲಲ್ಲಿ ಕೂತು ನೋಡಿದರು. ಧೂಳಿನಿಂದ ಏನನ್ನೋ ಆರಿಸಿ ನನ್ನ ಅಂಗೈಗೆ ಹಾಕಿದರು. 'ಮಗೀದೇನೂ ತಪ್ಪಿಲ್ಲ ಕಣವ್ವ. ಕಡಾಣಿ ಕಳಚಿದ ಗಾಡೀಲಿ ಹೊಡಿಯೋನೇನ್ ಮಾಡಾನು, ಎತ್ತೇನ್ ಮಾಡಾತು' ಎಂದರು.

ನನ್ನ ಅಂಗೈಯಲ್ಲಿದ್ದದ್ದು ಮುರಿದ ಒಂದು ಬೋಲ್ಟಿನ ತಲೆ. ಅದು ಇವತ್ತಿಗೂ ನನ್ನ ಮೇಜಿನ ಮೇಲೆ, ಕೆಂಪು ಶಾಯಿಯ ಪೆನ್ನಿನ ಪಕ್ಕದಲ್ಲಿದೆ. ಈ ಲೇಖನ ಬರೆಯಲು ಅದೇ ಕಾರಣ. ಬಿ.ಎ., ಬಿ.ಎಡ್. ಓದಿದ, ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವ ಹೆಂಗಸು ಬೋಲ್ಟಿನ ವಿಷಯ ಬರೆಯುವುದೇ ಎಂದು ನಗುವವರು ನಗಲಿ. ನಕ್ಕ ಮೇಲೆ ಪೂರ್ತಿ ಓದಲಿ.

ಮೊದಲು ಕಾರಿನ ಕಥೆ ಹೇಳಿಬಿಡುತ್ತೇನೆ. ನಮ್ಮ ಮಾವನವರಿಗೆ ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿಯಿತ್ತು. ಕೊಡಗಿನ ತೋಟದವರೊಬ್ಬರು ಪಿರಿಯಾಪಟ್ಟಣದಲ್ಲಿ ಮಾರಿಬಿಟ್ಟ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಅವರು ಎರಡನೇ ಕೈಯಲ್ಲಿ ಕೊಂಡರು. ಇಂಗ್ಲೆಂಡಿನ ಕೊವೆಂಟ್ರಿಯ ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ನಮ್ಮಲ್ಲೇ ತಯಾರಿಸಿತು. ಅದರ ಆಕಾರ ಬರೆದವನು ಇಟಲಿಯ ಮಿಕೆಲೊಟ್ಟಿ. ಅವನೇ ಅದೇ ಚಾಸಿಯನ್ನು ಮೊಟಕು ಮಾಡಿ, ಅದೇ ಮುಂಗಾಲುಗಳನ್ನು ಇಟ್ಟು, ಮೇಲೆ ಬೇರೆ ಮೈ ತೊಡಿಸಿದ. 1962ರಲ್ಲಿ ಬಂದ ಆ ಕಾರೇ ಟ್ರಯಂಫ್ ಸ್ಪಿಟ್‌ಫೈರ್, ಇವತ್ತಿಗೂ ಲೋಕದ ತುಂಬ ಪ್ರೇಮಿಗಳಿರುವ ಸ್ಪೋರ್ಟ್ಸ್ ಕಾರು. ಹೀಗಾಗಿ ನನ್ನ ಮೈದುನ ನಮ್ಮ ಹೆರಾಲ್ಡನ್ನು 'ನಮ್ಮನೆ ಸ್ಪೋರ್ಟ್ಸ್ ಕಾರು' ಎಂದೇ ಕರೆಯುವುದು. ಅದು ಪೂರ್ತಿ ಸುಳ್ಳಲ್ಲ. ಎರಡರ ಮುಂದಿನ ಸಸ್ಪೆನ್ಶನ್ ಒಂದೇ.

ಮಾವನವರು ತೀರಿಕೊಂಡ ಮೇಲೆ ಕಾರು ಗಿರಣಿಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ನಿಂತಿತ್ತು. ಅದನ್ನು ಮತ್ತೆ ಓಡಿಸಬೇಕೆಂದು ಮನೆಯ ಗಂಡಸರಿಗೆ ಹುಮ್ಮಸ್ಸು ಬಂತು. ಬಣ್ಣ ಯಾವುದು ಎಂದು ಒಂದು ತಿಂಗಳು ಚರ್ಚೆಯಾಯಿತು. ಸೀಟಿಗೆ ಎಂಥ ರೆಕ್ಸಿನ್ ಎಂದು ಎರಡು ವಾರ. ಚಕ್ರವನ್ನು ಕಾರಿಗೆ ಹಿಡಿದಿಡುವ ಬೋಲ್ಟು ಯಾವುದು ಎಂಬುದಕ್ಕೆ ಎಷ್ಟು ಹೊತ್ತು ಸಿಕ್ಕಿತು ಅಂತೀರಾ? ಒಂದು ಲೋಟ ಕಾಫಿ ಕುಡಿಯುವಷ್ಟು.

ಅದಕ್ಕೆ ಸಾಕ್ಷಿ ನಾನೇ. ಆ ದಿನ ಗ್ಯಾರೇಜಿನಲ್ಲಿ ನಾನೂ ಇದ್ದೆ. ಹೆರಾಲ್ಡಿನ ಬಾನೆಟ್ಟು ಬೇರೆ ಕಾರುಗಳ ಹಾಗಲ್ಲ. ಎರಡು ಕೆನ್ನೆಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಎಂಜಿನ್ನಿನ ಅಕ್ಕಪಕ್ಕದಲ್ಲಿ ಮುಂಗಾಲುಗಳು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತವೆ. ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ಕವಲು ತೋಳು ಹಿಡಿದುಕೊಂಡಿದೆ. ನಡುವೆ ಸ್ಪ್ರಿಂಗು. ತೋಳಿನ ಬುಡದಲ್ಲಿ ರಬ್ಬರಿನ ಬುಷ್, ಬುಷ್ಷಿನ ನಡುವೆ ಉಕ್ಕಿನ ಕೊಳವೆ, ಕೊಳವೆಯ ಒಳಗೆ ಬೋಲ್ಟು. ತೋಳು ಮೇಲೆ ಕೆಳಗೆ ಆಡುವುದು ಆ ಬೋಲ್ಟಿನ ಸುತ್ತ. ಬಾಗಿಲಿಗೆ ಬಿಜಾಗರಿಯ ಕಡ್ಡಿ ಹೇಗೋ ಇದಕ್ಕೆ ಈ ಬೋಲ್ಟು ಹಾಗೆ. ಬಾಗಿಲು ಬಿದ್ದರೆ ಕಾಲಿನ ಮೇಲೆ ಬೀಳುತ್ತದೆ. ಇದು ಬಿದ್ದರೆ ಏನೆಂದು ಮೊದಲೇ ಹೇಳಿದೆನಲ್ಲ.

ಎಡಗಡೆಯ ಹಳೆಯ ಬೋಲ್ಟು ತುಕ್ಕು ಹಿಡಿದಿತ್ತು. ಅದನ್ನು ಒಬ್ಬ ಹುಡುಗನ ಕೈಗೆ ಕೊಟ್ಟು 'ಇದರ ಥರದ್ದೇ ಒಂದು ತಗೊಂಡು ಬಾ' ಎಂದು ಅಂಗಡಿಗೆ ಓಡಿಸಿದರು. ಅವನು ತಂದದ್ದು ಹತ್ತು ಮಿಲಿಮೀಟರಿನ ಬೋಲ್ಟು. ನಮ್ಮ ಕಾರಿನದು ಇಂಚಿನ ಲೆಕ್ಕ. ಆ ರಂಧ್ರ ಎಂಟರಲ್ಲಿ ಮೂರು ಪಾಲು ಇಂಚಿನ ಬೋಲ್ಟಿಗೆ ಮಾಡಿದ್ದು, ಅಂದರೆ ಒಂಬತ್ತೂವರೆ ಮಿಲಿಮೀಟರು. ಹತ್ತರದ್ದು ಅದರಲ್ಲಿ ಹೋಗಲಿಲ್ಲ. 'ಅರ್ಧ ಎಂಎಂ ತಾನೇ, ನಡೆಯುತ್ತೆ ಬಿಡಿ' ಎಂದು ಡ್ರಿಲ್ಲು ಹಾಕಿ ರಂಧ್ರವನ್ನೇ ಕೊರೆದರು. ಸೋದರಿಯರೇ, ನಿಮ್ಮಲ್ಲಿ ಎರಡು ನಾಲ್ಕರ ಬಳೆಯವರಿದ್ದೀರಿ, ಎರಡು ಆರರ ಬಳೆಯವರಿದ್ದೀರಿ. ಎರಡಿಂಚಿನ ಮೇಲೆ ಹದಿನಾರನೇ ನಾಲ್ಕು ಪಾಲು, ಹದಿನಾರನೇ ಆರು ಪಾಲು ಎಂಬ ಈ ಲೆಕ್ಕವನ್ನು ಬಳೆಗಾರನ ಮುಂದೆ ಕೂತು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಬಳೆ ಏರದಿದ್ದರೆ ಬಳೆಗಾರ ಬೇರೆ ಬಳೆ ತೆಗೆಯುತ್ತಾನೆಯೇ ಹೊರತು ಕೈಯನ್ನು ಕೆತ್ತುವುದಿಲ್ಲ.

'ಇದರ ಮೇಲೆ ಏನೂ ಬರೆದಿಲ್ಲವಲ್ಲ, ಆ ಬಲಗಡೆಯದರ ಮೇಲೆ ಏನೋ ಅಕ್ಷರ ಇದೆ' ಎಂದು ನಾನು ಕೇಳಿದ್ದೆ, ನಿಜ. 'ಬೋಲ್ಟು ಬೋಲ್ಟೇ ಮೇಡಂ, ನಿಮಗ್ಯಾಕೆ ತಲೆಬಿಸಿ' ಎಂಬ ಉತ್ತರ ಬಂತು. ಯಜಮಾನರು ನನ್ನ ಕಡೆ ನೋಡಿ ನಕ್ಕರು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ತಪ್ಪು ಅಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ತರಗತಿಯಲ್ಲಿ ಐವತ್ತು ಮಕ್ಕಳಿಗೆ 'ಗೊತ್ತಿಲ್ಲದಿದ್ದರೆ ಕೇಳಿ, ಉತ್ತರ ಸಿಗುವ ತನಕ ಕೇಳಿ' ಎನ್ನುವವಳು ಗ್ಯಾರೇಜಿನಲ್ಲಿ ಒಂದೇ ಸಲ ಕೇಳಿ ಸುಮ್ಮನಾದೆ.

ಆಮೇಲೆ ಏಳು ತಿಂಗಳು ಆ ಕಾರನ್ನು ಯಜಮಾನರೂ ಮೈದುನನೂ ಓಡಿಸಿದರು. ಉಬ್ಬುಗಳ ಮೇಲೆ ಹಾರಿಸಿದರು. ಏಳನೇ ತಿಂಗಳಲ್ಲಿ ಮಗಳು ಹಿಡಿದ ದಿನ ಅದು ಮುರಿಯಿತು. ತಪ್ಪು ಮಗಳದ್ದಾಯಿತು.

ಊರಿಗೆ ಬಂದ ಮೇಲೆ ಆ ಬೋಲ್ಟಿನ ತಲೆಯನ್ನು ನಮ್ಮ ಶಾಲೆಯ ವಿಜ್ಞಾನದ ಮೇಡಂಗೆ ತೋರಿಸಿದೆ. ಅವರು ಅದನ್ನು ಭೂತಗನ್ನಡಿಯ ಕೆಳಗಿಟ್ಟು ನನ್ನನ್ನು ಕರೆದರು. ಮುರಿದ ಮುಖದ ಮುಕ್ಕಾಲು ಭಾಗ ಕಂದು ಬಣ್ಣಕ್ಕಿತ್ತು. ಅದರ ಮೇಲೆ ಕಪ್ಪೆಚಿಪ್ಪಿನ ಮೇಲಿರುವಂಥ ನಯವಾದ ಬಳೆಬಳೆ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಒರಟಾಗಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದರ ಅರ್ಥ ಇಷ್ಟೆ. ಬಿರುಕು ಅವತ್ತು ಹುಟ್ಟಿದ್ದಲ್ಲ. ತಂತಿಯನ್ನು ಅತ್ತ ಇತ್ತ ಬಗ್ಗಿಸಿದರೆ ಹತ್ತು ಸಲಕ್ಕೋ ಇಪ್ಪತ್ತು ಸಲಕ್ಕೋ ತುಂಡಾಗುವಂತೆ, ಪ್ರತಿ ಹಳ್ಳಕ್ಕೂ ಪ್ರತಿ ಉಬ್ಬಿಗೂ ಅದು ಒಂದೊಂದು ಗೆರೆ ಮುಂದೆ ಸರಿದಿದೆ. ಗಾಳಿ ನೀರು ತಾಗಿ ತುಕ್ಕಾಗುವಷ್ಟು ಕಾಲ ಆ ಬಿರುಕು ಅಲ್ಲಿ ಬಾಯಿ ತೆರೆದುಕೊಂಡಿತ್ತು. ಗಂಡಸರು ಓಡಿಸಿದಾಗ ಮುಕ್ಕಾಲು ಪಾಲು ಮುರಿದಿತ್ತು. ನನ್ನ ಮಗಳ ಪಾಲಿಗೆ ಬಂದದ್ದು ಕಾಲು. ಆ ಕಾಲು ಭಾಗವನ್ನೂ ಅವಳು ಎರಡನೇ ಗೇರಿನಲ್ಲಿ, ನಿಧಾನವಾಗಿ, ಎಲ್ಲರನ್ನೂ ಉಳಿಸಿ ಮುರಿದಳು.

ಆ ದಿನದಿಂದ ನಾನು ಬೋಲ್ಟಿನ ಪಾಠಕ್ಕೆ ಕೂತೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಶಾಸನ ಓದಿಸುವ ನನಗೆ ಇದೂ ಒಂದು ಶಾಸನದ ಹಾಗೆಯೇ ಕಂಡಿತು.

ಒಳ್ಳೆಯ ಬೋಲ್ಟಿನ ತಲೆಯ ಮೇಲೆ ಅದರ ಹಣೆಬರಹ ಅಚ್ಚಾಗಿರುತ್ತದೆ. ಮಿಲಿಮೀಟರಿನ ಲೆಕ್ಕದ ಬೋಲ್ಟಾದರೆ 8.8, 10.9, 12.9 ಎಂಬ ಅಂಕಿ, ಜೊತೆಗೆ ತಯಾರಿಸಿದವರ ಗುರುತು. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 1367 ಎಂಬ ಮಾನಕವಿದೆ. 8.8 ಎಂದರೆ ಏನು? ಮೊದಲ ಎಂಟನ್ನು ನೂರರಿಂದ ಗುಣಿಸಿ. ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದರೆ 80 ಕಿಲೋಗೂ ಸ್ವಲ್ಪ ಹೆಚ್ಚಿನ ಎಳೆತ ತಡೆಯುತ್ತದೆ, ಆಮೇಲೆ ಹರಿಯುತ್ತದೆ. ಎರಡನೇ ಎಂಟು, ಅದರ ಹತ್ತರಲ್ಲಿ ಎಂಟು ಪಾಲು. 640 ನ್ಯೂಟನ್ ತನಕ ಎಳೆದು ಬಿಟ್ಟರೆ ಬೋಲ್ಟು ಮೊದಲಿನ ಉದ್ದಕ್ಕೇ ಬರುತ್ತದೆ, ಅದರಾಚೆ ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ. ಗೇಟಿಗೆ, ಶೆಡ್ಡಿಗೆ ಹಾಕುವ ಸಾದಾ ಬೋಲ್ಟು 4.6. ಅದು ಹರಿಯುವುದು 400ಕ್ಕೆ, ಹಿಗ್ಗುವುದು 240ಕ್ಕೆ. ಅಂಗಡಿಯ ಡಬ್ಬದಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಬೇರೆ ಮಾಡಿ ತೋರಿಸುವುದು ಆ ಅಂಕಿ ಒಂದೇ. ತಲೆ ಬೋಳಾಗಿದ್ದರೆ ಅದರ ಶಕ್ತಿಗೆ ಹೊಣೆಗಾರರು ಯಾರೂ ಇಲ್ಲ ಎಂದರ್ಥ. ನನ್ನ ಮೇಜಿನ ಮೇಲಿರುವುದು ಬೋಳು ತಲೆಯದು.

ಇಂಚಿನ ಬೋಲ್ಟುಗಳ ಲಿಪಿ ಬೇರೆ. ಅಮೆರಿಕದ ಪದ್ಧತಿಯಲ್ಲಿ ತಲೆಯ ಮೇಲೆ ಮೂರು ಗೆರೆಯಿದ್ದರೆ ಐದನೇ ದರ್ಜೆ, ಆರು ಗೆರೆಯಿದ್ದರೆ ಎಂಟನೇ ದರ್ಜೆ, ಗೆರೆಯೇ ಇಲ್ಲದಿದ್ದರೆ ಮೆತ್ತಗಿನದು. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಅಕ್ಷರಗಳು. ನಾನು ಬಲಗಡೆ ಕಂಡಿದ್ದ ಅಕ್ಷರ 'ಎಸ್'. ಅದು ಚದರ ಇಂಚಿಗೆ 50 ಟನ್ ತಡೆಯುವ ದರ್ಜೆಯ ಗುರುತು. ಎಸ್, ಮೂರು ಗೆರೆ, 8.8, ಮೂರೂ ಹೆಚ್ಚು ಕಡಿಮೆ ಒಂದೇ ಶಕ್ತಿಯ ಸೋದರ ಸಂಬಂಧಿಗಳು.

ಹಲ್ಲಿನ ವಿಷಯವೂ ಇದೆ. ಇಂಗ್ಲೆಂಡಿನ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಹಲ್ಲಿಗೆ ಒಂದು ಅಳತೆ ಕಟ್ಟಿಕೊಟ್ಟ. ಅಮೆರಿಕದವರದ್ದು ಬೇರೆ ಅಳತೆ. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟಿಗೆ ಇನ್ನೊಬ್ಬರ ನಟ್ಟು ಕೂರದೆ ಪರದಾಡಿದ ಮೇಲೆ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ ಒಂದು ಅಳತೆಗೆ ಒಪ್ಪಿದವು. ನಮ್ಮ ಹೆರಾಲ್ಡಿನ ಬೋಲ್ಟುಗಳು ಆ ಒಪ್ಪಂದದ ಸಣ್ಣಹಲ್ಲಿನವು, ಎಂಟರಲ್ಲಿ ಮೂರು ಇಂಚಿನದಕ್ಕೆ ಇಂಚಿಗೆ 24 ಹಲ್ಲು. ದೇಶ 1956ರ ಕಾನೂನಿನಿಂದ ಮೆಟ್ರಿಕ್ ಕಡೆ ತಿರುಗಿತು, ಆದರೆ 1961ರಲ್ಲಿ ಹುಟ್ಟಿದ ಈ ಕಾರು ಇಂಚಿನಲ್ಲೇ ಉಳಿಯಿತು. ಒಂದು ಯಂತ್ರ ಯಾವ ಭಾಷೆಯಲ್ಲಿ ಹುಟ್ಟಿದೆಯೋ ಆ ಭಾಷೆಯಲ್ಲಿಯೇ ಅದರೊಡನೆ ಮಾತಾಡಬೇಕು.

ಇನ್ನೊಂದು ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ತುದಿಯಿಂದ ತಲೆಯ ತನಕ ಹಲ್ಲಿರುವ ಬೋಲ್ಟು ಬೇರೆ, ಅರ್ಧ ನುಣುಪಾದ ಕತ್ತಿರುವ ಬೋಲ್ಟು ಬೇರೆ. ತೋಳು ಆಡುವ ಜಾಗದಲ್ಲಿ, ಭಾರ ಅಡ್ಡಕ್ಕೆ ಬೀಳುವ ಜಾಗದಲ್ಲಿ ನುಣುಪಾದ ಕತ್ತೇ ಇರಬೇಕು. ಹಲ್ಲು ಕೊರೆದ ಕಡೆ ಬೋಲ್ಟಿನ ಮೈ ಸುಮಾರು ಕಾಲು ಭಾಗ ಕಡಿಮೆಯಾಗಿರುತ್ತದೆ. ಪ್ರತಿ ಹಲ್ಲಿನ ಬುಡವೂ ಬಿರುಕು ಹುಟ್ಟಲು ಒಂದೊಂದು ಗೀರು ಹಾಕಿ ಕೊಟ್ಟ ಹಾಗೆ. ಜೊತೆಗೆ ಆ ಹಲ್ಲುಗಳು ಗರಗಸದಂತೆ ರಂಧ್ರವನ್ನು ತಿನ್ನುತ್ತವೆ. ನಮಗೆ ಹಾಕಿದ್ದು ಪೂರ್ತಿ ಹಲ್ಲಿನದು. ಬೋಳು ತಲೆ, ಪೂರ್ತಿ ಹಲ್ಲು, ಕೊರೆದ ರಂಧ್ರ, ಮೂರು ತಪ್ಪು ಒಂದೇ ತೂತಿನಲ್ಲಿ ಸೇರಿದ್ದವು.

'ಹಾಗಾದರೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಬಿಡಿ, ತುಕ್ಕೇ ಹಿಡಿಯಲ್ಲ' ಎಂದು ಸಲಹೆ ಕೊಟ್ಟವರಿದ್ದಾರೆ. ಹೊಳಪಿಗೆ ಮರುಳಾಗಬೇಡಿ. ಪೇಟೆಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ನಮ್ಮ ಅಡುಗೆಮನೆಯ ಪಾತ್ರೆಯ ಜಾತಿಯದೇ, ನೂರಕ್ಕೆ ಸುಮಾರು ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕಲ್. ಸಾರಿನ ಪಾತ್ರೆಗೆ ಅದು ಚಿನ್ನ. ಆದರೆ ಎ2-70 ಎಂದು ಬರೆದ ಆ ಬೋಲ್ಟು ಹಿಗ್ಗತೊಡಗುವುದು 450ಕ್ಕೆ, 8.8ರ 640ಕ್ಕೆ ಹೋಲಿಸಿ ನೋಡಿ. ಇನ್ನು ಕೆಲವರು 'ಎಲ್ಲಕ್ಕಿಂತ ಗಟ್ಟಿಯಾದ 12.9 ಹಾಕಿ' ಎನ್ನುತ್ತಾರೆ. ಅತಿ ಗಟ್ಟಿಯಾದ ಉಕ್ಕು ಸೂಕ್ಷ್ಮ. ಅದಕ್ಕೆ ವಿದ್ಯುತ್ತಿನಿಂದ ಸತುವಿನ ಲೇಪ ಕೊಡುವಾಗ ಜಲಜನಕ ಒಳಹೊಕ್ಕರೆ, ಬಿಗಿ ಮಾಡಿದ ಎಷ್ಟೋ ಹೊತ್ತಿನ ಮೇಲೆ ಯಾವ ಸೂಚನೆಯೂ ಇಲ್ಲದೆ ಗಾಜಿನ ಹಾಗೆ ಮುರಿಯಬಹುದು. ಬೇಕಾದದ್ದು ಅತಿ ಗಟ್ಟಿಯೂ ಅಲ್ಲ, ಅತಿ ಹೊಳಪೂ ಅಲ್ಲ. ಮಾಡಿದವರು ಹೇಳಿದ ದರ್ಜೆ, ಅಷ್ಟೆ.

'ಹಳೆಯದರ ಹಾಗೇ ಇದೆಯಲ್ಲ' ಎನ್ನುವ ವಾದ ಎಲ್ಲಕ್ಕಿಂತ ಅಪಾಯಕಾರಿ. ನಮ್ಮ ಕಾರಿನಲ್ಲಿ ಹುಡುಗ ಮಾದರಿಗೆ ಹಿಡಿದುಕೊಂಡು ಹೋಗಿದ್ದ ಆ ಹಳೆಯ ಬೋಲ್ಟು ಮೂಲದ್ದೇ ಅಲ್ಲ. ಹಿಂದೆ ಯಾವಾಗಲೋ ಯಾರೋ 'ನಡೆಯುತ್ತೆ' ಎಂದು ಹಾಕಿದ್ದದ್ದು, ಅದರ ತಲೆಯೂ ಬೋಳು. ಬಲಗಡೆಯ ಎಸ್ ಬೋಲ್ಟಿನ ಪಕ್ಕ ಇಟ್ಟಾಗಲೇ ನಮಗೆ ಗೊತ್ತಾದದ್ದು. ಒಂದು ತಪ್ಪನ್ನು ಅಳತೆಗೋಲು ಮಾಡಿಕೊಂಡು ಇನ್ನೊಂದು ತಪ್ಪನ್ನು ಕೊಂಡಿದ್ದೆವು.

ಇದು ಹಳ್ಳಿಗಾಡಿನ ಗ್ಯಾರೇಜಿನ ಕಥೆ ಮಾತ್ರ ಎಂದುಕೊಳ್ಳಬೇಡಿ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸಿನ 5390ನೇ ವಿಮಾನ ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಲಾಗಾಕ್ಕೆ ಹೊರಟಿತ್ತು. 17,000 ಅಡಿಗೂ ಹೆಚ್ಚು ಎತ್ತರದಲ್ಲಿ ಪೈಲಟ್ಟಿನ ಮುಂದಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ನಿನ ಸೊಂಟದಿಂದ ಮೇಲಿನ ಭಾಗ ವಿಮಾನದ ಹೊರಕ್ಕೆ ಸೆಳೆದುಹೋಯಿತು. ಸಿಬ್ಬಂದಿ ಅವರ ಕಾಲುಗಳನ್ನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಹಿಡಿದುಕೊಂಡೇ ಇದ್ದರು. ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ದೊಡ್ಡ ಪವಾಡವೆಂದರೆ ಕ್ಯಾಪ್ಟನ್ ಸೇರಿ ಎಲ್ಲ 87 ಮಂದಿಯೂ ಬದುಕಿದರು. ಆ ಗಾಜನ್ನು ಹಿಂದಿನ ದಿನವಷ್ಟೇ ಬದಲಿಸಿದ್ದರು. ಅದರ 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ದಪ್ಪ ಇಂಚಿನ ಸಾವಿರದಲ್ಲಿ 26 ಪಾಲು ಕಡಿಮೆ ಇತ್ತು. ಎಷ್ಟೆಂದರೆ ಮಿಲಿಮೀಟರಿನ ಮೂರರಲ್ಲಿ ಎರಡು ಪಾಲು! ಉಳಿದ ಆರು ದಪ್ಪದಲ್ಲಿ ಸರಿ, ಉದ್ದದಲ್ಲಿ ಗಿಡ್ಡ. ಕೆಲಸ ಮಾಡಿದವರು ಪುಸ್ತಕ ತೆಗೆದು ನಂಬರು ನೋಡದೆ, ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಕಣ್ಣಳತೆಯಲ್ಲಿ ಹೊಸದನ್ನು ಆರಿಸಿದ್ದರು. ಸರಿಯಾದ ನಂಬರನ್ನು ಉಗ್ರಾಣದವನು ಹೇಳಿದ್ದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಹಿಡಿದಿದ್ದ ಹಳೆಯ ಬೋಲ್ಟುಗಳಲ್ಲಿ ಹೆಚ್ಚಿನವು ತಾವೇ ತಪ್ಪು ಉದ್ದದವಾಗಿದ್ದವು. ನಮ್ಮ ಗ್ಯಾರೇಜಿನ 'ಅರ್ಧ ಎಂಎಂ ತಾನೇ' ನೆನಪಾಯಿತೇ?

ಈಗ ನಮ್ಮ ಕಡೆಯ ವಾದಗಳಿಗೆ ಬರುತ್ತೇನೆ. 'ಹಳೆ ಕಾರಿನ ಬೋಲ್ಟು ಎಲ್ಲಿ ಸಿಗುತ್ತೆ?' ಸಿಗುತ್ತದೆ. ನಮ್ಮ ಹೊಲಗಳಲ್ಲಿ ಓಡಾಡುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚಿನ ಬೋಲ್ಟುಗಳಿವೆ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೇಳಬೇಕು. ಅಲ್ಲಿಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆ ಇವೆ. ಸೀರೆಗೆ ಹೊಂದುವ ಬ್ಲೌಸ್ ಪೀಸಿಗಾಗಿ ಮೈಸೂರಿನ ಆರು ಅಂಗಡಿ ಹತ್ತಿ ಇಳಿಯುವ ನಮ್ಮನ್ನು ಗೇಲಿ ಮಾಡುವವರು, ಚಕ್ರ ಹಿಡಿಯುವ ಬೋಲ್ಟಿಗಾಗಿ ಎರಡನೇ ಅಂಗಡಿಯನ್ನೂ ಹತ್ತಲಿಲ್ಲ. 'ದುಬಾರಿ' ಎನ್ನುತ್ತಾರೆ. ಬಣ್ಣಕ್ಕೆ ಸುರಿದ ದುಡ್ಡಿನಲ್ಲಿ ಇಡೀ ಕಾರಿನ ಬೋಲ್ಟು ಬದಲಿಸಬಹುದಿತ್ತು. 'ಅಂಕಿಯಿದ್ದರೂ ಅದು ಸುಳ್ಳಿರಬಹುದಲ್ಲ' ಎನ್ನುತ್ತಾರೆ. ಇರಬಹುದು. ಕಳಪೆ ಬೋಲ್ಟಿಗೆ ಮೇಲ್ದರ್ಜೆಯ ಗುರುತು ಒತ್ತಿ ಮಾರುವ ಮೋಸ ಅಮೆರಿಕದಲ್ಲಿ ಎಷ್ಟು ಬೆಳೆಯಿತೆಂದರೆ, ಅಲ್ಲಿನ ಸಂಸತ್ತು ವಿಚಾರಣೆ ನಡೆಸಿ 1990ರಲ್ಲಿ ಬೋಲ್ಟಿಗೆಂದೇ ಒಂದು ಕಾನೂನು ತಂದಿತು. ಅದಕ್ಕೇ ಅಂಕಿಯ ಜೊತೆ ತಯಾರಕರ ಗುರುತೂ ಇರಬೇಕು, ಅಂಗಡಿಯ ಬಿಲ್ಲೂ ಇರಬೇಕು. ಮೋಸವಿದೆ ಎಂಬುದು ಹೆಚ್ಚು ಎಚ್ಚರಕ್ಕೆ ಕಾರಣವಾಗಬೇಕೇ ಹೊರತು ಎಚ್ಚರವನ್ನೇ ಬಿಡುವುದಕ್ಕಲ್ಲ.

ಕೊನೆಗೆ, 'ಇದು ಗಂಡಸರ ವಿಷಯ.' ಇದಕ್ಕೆ ನನ್ನ ಉತ್ತರ ಕುಕ್ಕರು. ದಿನಕ್ಕೆ ಎರಡು ಹೊತ್ತು ಉರಿಯ ಮೇಲೆ ಹಬೆ ತುಂಬಿದ ಪಾತ್ರೆಯೊಂದನ್ನು ಮೊಳದ ದೂರದಲ್ಲಿ ಇಟ್ಟುಕೊಂಡು ಕೆಲಸ ಮಾಡುವವರು ನಾವು. ಅದರ ಗ್ಯಾಸ್ಕೆಟ್ಟು ಹೋದರೆ ಯಾವ ಕಂಪನಿಯದು, ಎಷ್ಟು ಲೀಟರಿನದು ಎಂದು ಹೇಳಿ ತರುತ್ತೇವೆ. ಸೇಫ್ಟಿ ವಾಲ್ವು ಕರಗಿದರೆ ಅದೇ ಕಂಪನಿಯದನ್ನೇ ಹಾಕಿಸುತ್ತೇವೆ. 'ಒಂದು ಮೊಳೆ ಹೊಡೆದು ತೂತು ಮುಚ್ಚಿ, ನಡೆಯುತ್ತೆ' ಎಂದು ಯಾವ ಹೆಂಗಸೂ ಹೇಳಿದ್ದನ್ನು ನಾನು ಕೇಳಿಲ್ಲ. ತಕ್ಕ ಭಾಗ ತಕ್ಕ ಜಾಗಕ್ಕೆ ಎಂಬ ವಿದ್ಯೆ ನಮಗೆ ಗೊತ್ತು. ಗ್ಯಾರೇಜಿನ ಬಾಗಿಲಲ್ಲಿ ಅದನ್ನು ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗಬೇಕಾಗಿಲ್ಲ.

ಮೆಕ್ಯಾನಿಕ್ಕುಗಳನ್ನು ಹೀಗಳೆಯಲು ನಾನು ಬರೆಯುತ್ತಿಲ್ಲ. ಹನ್ನೆರಡನೇ ವಯಸ್ಸಿಗೆ ಸ್ಪ್ಯಾನರು ಹಿಡಿದ ಹುಡುಗನಿಗೆ ಅಂಕಿಯ ಅರ್ಥ ಯಾರು ಹೇಳಿಕೊಟ್ಟರು? ಕೇಳುವ ಗಿರಾಕಿ ಇದ್ದರಲ್ಲವೇ ಅವನು ಕಲಿಯುವುದು? ಹುಣಸೂರಿನಲ್ಲಿ ಹಿಂದೆ ಒಳ್ಳೊಳ್ಳೆಯ ಗಾಡಿಗಳನ್ನು ಕಟ್ಟುತ್ತಿದ್ದರು. ಚಕ್ರಕ್ಕೆ ಕರಿಜಾಲಿಯೇ ಬೇಕೆಂದು ರೈತ ಪಟ್ಟು ಹಿಡಿಯುತ್ತಿದ್ದ, ಕಡಾಣಿಯನ್ನು ತಾನೇ ಕೈಯಲ್ಲಿ ತಿರುಗಿಸಿ ನೋಡುತ್ತಿದ್ದ. ಕೊಳ್ಳುವವನು ಬಲ್ಲವನಾಗಿದ್ದರಿಂದ ಕಟ್ಟುವವನೂ ಬಲ್ಲವನಾಗಿದ್ದ.

ನಮ್ಮ ಕಾರನ್ನು ಎರಡನೇ ಸಲ ಸರಿ ಮಾಡಿಸುವಾಗ ಸ್ಟೂಲು ಹಾಕಿಕೊಂಡು ನಾನೂ ಮಗಳೂ ಪಕ್ಕದಲ್ಲೇ ಕೂತೆವು. ಕೊರೆದು ಹಾಳಾಗಿದ್ದ ಬ್ರ್ಯಾಕೆಟ್ಟನ್ನೂ ಬುಷ್ಷನ್ನೂ ಬದಲಿಸಿದೆವು. ಎಂಟರಲ್ಲಿ ಮೂರು ಇಂಚು, ಇಂಚಿಗೆ 24 ಹಲ್ಲು, ತಲೆಯ ಮೇಲೆ ಮೂರು ಗೆರೆ ಮತ್ತು ತಯಾರಕರ ಗುರುತು, ನುಣುಪಾದ ಕತ್ತು ಬ್ರ್ಯಾಕೆಟ್ಟಿನ ಎರಡೂ ಗೋಡೆಯನ್ನು ದಾಟುವಷ್ಟು ಉದ್ದ, ಇಷ್ಟನ್ನೂ ಚೀಟಿಯಲ್ಲಿ ಬರೆದು ಕೊಟ್ಟೆವು. ಎಡಕ್ಕೂ ಬಲಕ್ಕೂ ಜೋಡಿಯಾಗಿ ಹೊಸದು. ನೈಲಾನ್ ಬಳೆಯಿರುವ ನಟ್ಟು ಕೂಡ ಹೊಸದು, ಒಮ್ಮೆ ಬಿಚ್ಚಿದ್ದರ ಹಿಡಿತ ಸಡಿಲವಾಗಿರುತ್ತದೆ. ಕಾರು ಜಾಕಿಯ ಮೇಲೆ ತೂಗಾಡುವಾಗ ಪೂರ್ತಿ ಬಿಗಿ ಮಾಡಲು ಬಿಡಲಿಲ್ಲ. ಚಕ್ರ ನೆಲಕ್ಕಿಳಿದು ಕಾರಿನ ಭಾರ ಕೂತ ಮೇಲೆಯೇ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದೆ. ಅದೂ ಬಲಗೈ ಬಲದ ಅಂದಾಜಿನಲ್ಲಲ್ಲ, ಅಳತೆಯಿರುವ ಟಾರ್ಕ್ ವ್ರೆಂಚಿನಲ್ಲಿ. ಮೆಕ್ಯಾನಿಕ್ ಮೊದಲು ಮುಖ ಸಿಂಡರಿಸಿದ. ಸಂಜೆಯ ಹೊತ್ತಿಗೆ ಮೂರು ಗೆರೆಯ ಅರ್ಥ ಅವನೇ ತನ್ನ ಹುಡುಗನಿಗೆ ಹೇಳಿಕೊಡುತ್ತಿದ್ದ.

ಎಲ್ಲ ಮುಗಿದ ಮೇಲೆ ಮಗಳು ತನ್ನ ಬ್ಯಾಗಿನಿಂದ ಕೆಂಪು ಉಗುರುಬಣ್ಣ ತೆಗೆದು ಪ್ರತಿ ನಟ್ಟಿನಿಂದ ಬ್ರ್ಯಾಕೆಟ್ಟಿನ ಮೇಲೆ ಹಾಯುವ ಹಾಗೆ ಒಂದೊಂದು ಗೆರೆ ಎಳೆದಳು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಈಗ ಕಾರು ಹೊರಡುವ ಮೊದಲು, ಓಡಿಸುವವರು ಯಾರೇ ಆಗಲಿ, ಬಾನೆಟ್ಟು ಮುಂದಕ್ಕೆ ಬಾಗಿಸಿ ಆ ಕೆಂಪು ಗೆರೆಗಳನ್ನು ನೋಡಲೇಬೇಕು. ಇದು ನಮ್ಮ ಮನೆಯ ಹೊಸ ಸಂಪ್ರದಾಯ. ಅತ್ತೆಯವರು ಮುಂದಿನ ಸೀಟಿನಲ್ಲಿ ಕೂತು 'ನೋಡಿದೆಯೇನೇ?' ಎಂದು ಕೇಳಿಯೇ ಬಾಗಿಲು ಹಾಕಿಕೊಳ್ಳುತ್ತಾರೆ. ಯಜಮಾನರೂ ಕನ್ನಡಕ ಏರಿಸಿ ನೋಡುತ್ತಾರೆ, ಈಗ ನಗುವುದಿಲ್ಲ.

ನಿಮ್ಮ ಮನೆಯಲ್ಲಿ ಹಳೆಯ ಕಾರು ಇಲ್ಲದಿರಬಹುದು. ಸ್ಕೂಟರ್ ಇದೆ, ತಲೆಯ ಮೇಲೆ ತಿರುಗುವ ಫ್ಯಾನಿದೆ, ಮಕ್ಕಳನ್ನು ತುಂಬಿಕೊಂಡು ಹೋಗುವ ಶಾಲೆಯ ವ್ಯಾನಿದೆ. ಮುಂದಿನ ಸಲ ಯಾರಾದರೂ 'ಬೋಲ್ಟು ಬೋಲ್ಟೇ ಮೇಡಂ' ಎಂದರೆ ಅದನ್ನು ಕೈಗೆ ತೆಗೆದುಕೊಳ್ಳಿ, ಬೆಳಕಿಗೆ ಹಿಡಿಯಿರಿ, ತಲೆಯ ಮೇಲೇನಿದೆ ಓದಿ. ನಮ್ಮ ಹಣೆಯಲ್ಲಿ ಏನು ಬರೆದಿದೆಯೋ ನಮಗೆ ಕಾಣದು. ಬೋಲ್ಟಿನ ಹಣೆಯಲ್ಲಿ ಬರೆದದ್ದು ಕಾಣುತ್ತದೆ. ಅದನ್ನು ಓದದೆ ಹಾಕಿ, ಮುರಿದ ಮೇಲೆ ನಮ್ಮ ಹೆಣ್ಣುಮಕ್ಕಳ ಮೇಲೆ ಹಾಕಬೇಡಿ.